ನಲವತ್ತನಾಲ್ಕು ಮೀಟರ್ ದಾಕ್ಷಿಣ್ಯ

ಮೊನ್ನೆ ಬಿದ್ದ ಅಕಾಲದ ಮಳೆಗೆ ನಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದ ನೂಲಿನ ಹಗ್ಗ ಬಿಗಿದುಕೊಂಡು ಗೋಡೆಯ ಮೊಳೆಯನ್ನೇ ಕಿತ್ತು ಹಾಕಿತು. ಬೆಳಿಗ್ಗೆ ಹೋಗಿ ನೋಡಿದರೆ ಇವರ ಎರಡು ಬಿಳಿ ಅಂಗಿ, ನನ್ನ ಒಂದು ಸೀರೆ ಪಾಚಿಯ ಮೇಲೆ ಬಿದ್ದಿದ್ದವು. "ನೂಲಿನ ಹಗ್ಗ ಅಲ್ವಾ, ಒದ್ದೆಯಾದ್ರೆ ಗಿಡ್ಡ ಆಗ್ತದೆ. ಸ್ವಲ್ಪ ಸಡಿಲ ಕಟ್ಟಬೇಕಿತ್ತು," ಎಂದರು ನನ್ನ ಗಂಡ. ಅಷ್ಟಕ್ಕೇ ನಾನು ಅವರ ಮೇಲೆ ಹರಿಹಾಯ್ದ ರೀತಿಗೆ ಪಕ್ಕದ ಮನೆಯವರು ಮೆಲ್ಲಗೆ ಕಿಟಕಿ ಹಾಕಿಕೊಂಡರು. ಪಾಪ, ಇವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ನೂಲಿನ ಹಗ್ಗ ಒದ್ದೆಯಾದರೆ ಏನಾಗುತ್ತದೆ ಎಂದು ನನಗೆ ಪಾಠ ಹೇಳುವ ಅಗತ್ಯ ಈ ಪುತ್ತೂರಿನಲ್ಲಿ ಯಾರಿಗೂ ಇಲ್ಲ.

ನಾನು ಸಿಟ್ಟಿನವಳೆಂದು ನನ್ನ ಶಾಲೆಯ ಮಕ್ಕಳೆಲ್ಲ ಒಪ್ಪುತ್ತಾರೆ. ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಗಣಿತದ ಟೀಚರ್ ಸಿಟ್ಟಿನವಳಾದರೆ ಯಾರೂ ಕಾರಣ ಕೇಳುವುದಿಲ್ಲ, ಅದು ಸಂಬಳದ ಜೊತೆ ಬಂದದ್ದು ಎಂದುಕೊಳ್ಳುತ್ತಾರೆ. ಆದರೆ ನೀವು ಕೇಳುವವರು, ಆದ್ದರಿಂದ ಹೇಳುತ್ತೇನೆ. ನನ್ನ ಸಿಟ್ಟಿಗೆ ಒಂದು ಅಳತೆ ಇದೆ. ಅದು ನಲವತ್ತನಾಲ್ಕು ಮೀಟರ್.

ನಾನು ಓಡುತ್ತಿದ್ದೆ. ಈಗ ನನ್ನನ್ನು ನೋಡಿದವರಿಗೆ ಇದನ್ನು ನಂಬಲು ಸ್ವಲ್ಪ ಭಕ್ತಿ ಬೇಕಾಗುತ್ತದೆ. ಕಾಲೇಜಿನಲ್ಲಿ ನನ್ನದು ಸಾವಿರದ ಐನೂರು ಮೀಟರ್. ನೂರು ಮೀಟರ್ ಓಡುವವರಿಗೆ ಚಪ್ಪಾಳೆ ಹೆಚ್ಚು, ಐದು ಸಾವಿರ ಓಡುವವರಿಗೆ ಮರುಕ ಹೆಚ್ಚು. ನಡುವಿನ ಓಟದವರನ್ನು ಜನ ಮೊದಲ ಸುತ್ತು ನೋಡಿ, ಚುರುಮುರಿ ತಿನ್ನಲು ಹೋಗಿ, ಕೊನೆಯ ಸುತ್ತಿನ ಗಂಟೆ ಕೇಳಿದಾಗ ವಾಪಸು ಬರುತ್ತಾರೆ. ಮಧ್ಯದಲ್ಲಿ ನಾವು ಸತ್ತರೂ ಗೊತ್ತಾಗುವುದಿಲ್ಲ.

ನನಗೆ ಓಟ ಕಲಿಸಿದ್ದು ಕೋಡಿಂಬಾಳದ ಹಾಲಿನ ಸೊಸೈಟಿ. ನಮ್ಮ ಮನೆಯಿಂದ ಅಲ್ಲಿಗೆ ಒಂದೂವರೆ ಕಿಲೋಮೀಟರ್, ಅರ್ಧ ಏರು, ಅರ್ಧ ಇಳಿಜಾರು. ಏಳು ಗಂಟೆಗೆ ಸರಿಯಾಗಿ ಬಾಗಿಲು ಹಾಕುವ ಒಬ್ಬ ಪುಣ್ಯಾತ್ಮ ಅಲ್ಲಿ ಕಾರ್ಯದರ್ಶಿಯಾಗಿದ್ದ. ನಮ್ಮ ಎಮ್ಮೆಗೆ ಗಂಟೆಯ ಲೆಕ್ಕ ಇರಲಿಲ್ಲ. ಅದು ಮನಸ್ಸು ಮಾಡಿ ಹಾಲು ಕೊಡುವಾಗ ಏಳಕ್ಕೆ ಆರೇಳು ನಿಮಿಷ ಉಳಿದಿರುತ್ತಿತ್ತು. ಹಾಲಿನ ಕ್ಯಾನು ಹಿಡಿದು, ಒಂದು ಹನಿ ಚೆಲ್ಲದಂತೆ, ಬರಿಗಾಲಲ್ಲಿ ನಾನು ಓಡಬೇಕಿತ್ತು. ಆಮೇಲೆ ಕಾಲೇಜಿನಲ್ಲಿ ಓಡುವಾಗ ನನ್ನ ಸೊಂಟದ ಮೇಲಿನ ಮೈ ಒಂದಿಷ್ಟೂ ಅಲುಗಾಡುವುದಿಲ್ಲವೆಂದು ಎಲ್ಲರೂ ಹೊಗಳಿದರು. ಅದು ಹಾಲು ಚೆಲ್ಲಿದರೆ ಅಮ್ಮ ಕೊಡುತ್ತಿದ್ದ ಪೆಟ್ಟಿನ ಫಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಪುತ್ತೂರಿನ ನಮ್ಮ ಕಾಲೇಜಿನ ಮೈದಾನ ಗುಡ್ಡ ಕಡಿದು ಮಾಡಿದ್ದು. ಒಂದು ಕಡೆ ಕಡಿದ ಗುಡ್ಡದ ಗೋಡೆಯಂಥ ದರೆ, ಇನ್ನೊಂದು ಕಡೆ ಇಳಿಜಾರು, ನಡುವೆ ಹೇಗೋ ನಾನೂರು ಮೀಟರಿನ ಟ್ರ್ಯಾಕ್ ಹಿಡಿಸುತ್ತಿತ್ತು. ಪ್ರತಿವರ್ಷ ಮಳೆಗಾಲ ಅದನ್ನು ಪೂರ್ತಿ ತೊಳೆದುಬಿಡುವುದರಿಂದ ಕ್ರೀಡಾಕೂಟಕ್ಕೆ ಹೊಸದಾಗಿ ಸುಣ್ಣದ ಗೆರೆ ಎಳೆಯಬೇಕು. ಎಳೆಯುವವರು ಓಡುವ ನಾವೇ. ಎಳೆಸುವವರು ನಮ್ಮ ದೈಹಿಕ ಶಿಕ್ಷಣದ ಶಾಂತಾರಾಮ ಸರ್.

ಸರ್ ಬಳಿ ಒಂದು ನೂಲಿನ ಹಗ್ಗ ಇತ್ತು. ಕೆಲಸಕ್ಕೆ ಸೇರಿದ ವರ್ಷ ಯಾರದೋ ಒಳ್ಳೆಯ ಟೇಪ್ ತಂದು ಅಳೆದು, ಮೂವತ್ತಾರೂವರೆ ಮೀಟರಿಗೆ ಗಂಟು ಹಾಕಿ ಇಟ್ಟದ್ದು. ಮೈದಾನದ ಎರಡು ತುದಿಗೆ ಒಂದೊಂದು ಗೂಟ. ಗೂಟಕ್ಕೆ ಹಗ್ಗ ಸಿಕ್ಕಿಸಿ, ಗಂಟು ಹಿಡಿದು ಒಬ್ಬರು ಅರ್ಧ ಸುತ್ತು ನಡೆಯುವುದು, ಅವರ ಹಿಂದೆ ಇನ್ನೊಬ್ಬರು ಸುಣ್ಣ ಹಾಕುತ್ತ ಬರುವುದು. ತಿರುವು ತಯಾರು. ಎರಡು ತಿರುವನ್ನು ನೇರ ಗೆರೆಯಿಂದ ಸೇರಿಸಿದರೆ ಟ್ರ್ಯಾಕ್ ತಯಾರು. "ಟೇಪು ಸುಳ್ಳು ಹೇಳ್ತದೆ, ನನ್ನ ಹಗ್ಗ ಹೇಳುದಿಲ್ಲ," ಎನ್ನುತ್ತಿದ್ದರು ಸರ್. ಕಾಲೇಜಿನ ಟೇಪಿನ ಮೊದಲ ಎರಡು ಅಡಿ ತುಂಡಾಗಿ ಹೋಗಿದ್ದರಿಂದ ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ನನ್ನ ಎರಡನೆಯ ವರ್ಷದ ಕ್ರೀಡಾಕೂಟದ ಮುನ್ನಾದಿನ ಸಂಜೆ ಗೂಟ ಹೊಡೆದಾಯಿತು. ಹಗ್ಗವನ್ನು ಒಳಗೆ ತಂದಿಡುವ ಕೆಲಸವನ್ನು ಸರ್ ನನಗೆ ಹೇಳಿದರು. ನಾನು ಗೆಳತಿಯೊಬ್ಬಳಿಂದ ಎರವಲು ತಂದ ಸ್ಪೈಕ್ಸ್ ಹಾಕಿ ನೋಡುವ ಸಂಭ್ರಮದಲ್ಲಿ ಅದನ್ನು ಮೈದಾನದಲ್ಲೇ ಮರೆತೆ. ಡಿಸೆಂಬರಿನಲ್ಲಿ ಬರಬಾರದ ಮಳೆ ಅದೇ ರಾತ್ರಿ ಬಂತು. ಬೆಳಿಗ್ಗೆ ಐದೂವರೆಗೆ ಓಡಿ ಹೋಗಿ, ಹಗ್ಗವನ್ನು ಬಟ್ಟೆಯಂತೆ ಹಿಂಡಿ ಕೊಡವಿದೆ. ಸರ್ ಮುಟ್ಟಿ ನೋಡಿ, "ಎಂತ ಇದು, ತಣ್ಣಗೆ ಉಂಟಲ್ಲ?" ಎಂದರು. "ಈಗಷ್ಟೇ ಒಳಗಿಂದ ತಂದು ಹುಲ್ಲಿನ ಮೇಲಿಟ್ಟೆ, ಇಬ್ಬನಿ ಸರ್," ಎಂದೆ. ಅಷ್ಟೇ. ಅದೇ ಹಗ್ಗದಲ್ಲಿ ಟ್ರ್ಯಾಕ್ ಎಳೆದೆವು.

ಆ ದಿನ ಏನಾಯಿತೆಂದು ನೀವು ಊಹಿಸಿರುತ್ತೀರಿ. ನಾನೂರು, ಎಂಟುನೂರು, ಸಾವಿರದ ಐನೂರು, ಗಂಡುಮಕ್ಕಳದ್ದು, ಹೆಣ್ಣುಮಕ್ಕಳದ್ದು, ಎಲ್ಲದರಲ್ಲೂ ಹೊಸ ದಾಖಲೆ. ನಾನು ನಾಲ್ಕು ನಿಮಿಷ ಐವತ್ತಾರು ಸೆಕೆಂಡಿನಲ್ಲಿ ಓಡಿದೆ. ಅದುವರೆಗೆ ನಾನು ಐದು ನಿಮಿಷದ ಒಳಗೆ ಬಂದವಳೇ ಅಲ್ಲ. ಸಂಜೆ ಮುಖ್ಯ ಅತಿಥಿಗಳು ಮೈಕಿನಲ್ಲಿ ನಮ್ಮನ್ನು ಸುವರ್ಣ ತಂಡ ಎಂದು ಕರೆದರು. ಹಗ್ಗ ಬೇಕಿಲ್ಲದ ನೂರು ಮೀಟರಿನಲ್ಲಿ ಮಾತ್ರ ಯಾವ ದಾಖಲೆಯೂ ಆಗಿರಲಿಲ್ಲ. ಇದರಲ್ಲಿ ಏನೋ ವಿಚಿತ್ರ ಇದೆಯೆಂದು ಇಡೀ ಕಾಲೇಜಿನಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಕಾರಿಡಾರಿನ ಕಪ್ಪು ಮರದ ಹಲಗೆಯಲ್ಲಿ ಬಿಳಿ ಪೇಂಟಿನಿಂದ 'ಕೆ. ಪ್ರೇಮಾ' ಎಂದು ಬರೆಯುವಾಗ ನಾನು ಪೇಂಟರಿನ ಹಿಂದೆ ಒಂದು ಗಂಟೆ ನಿಂತಿದ್ದೆ. ಅವನು ಬೇಸತ್ತು, "ನೀವು ಹೋಗಿ ಅಕ್ಕ, ನಾನು ತಪ್ಪು ಬರೆಯುದಿಲ್ಲ," ಎಂದ.

ಮರುವರ್ಷ ಟ್ರ್ಯಾಕ್ ಎಳೆಯುವಾಗ ಹಗ್ಗ ಒಣಗಿತ್ತು. ದರೆಯ ಬದಿಯ ತಿರುವಿನಲ್ಲಿ, ಹಿಂದಿನ ವರ್ಷ ಸುಣ್ಣ ಬಿದ್ದಲ್ಲಿ ಹುಲ್ಲು ಸುಟ್ಟು ಒಂದು ಬೋಳು ಗೀಟು ಹಾಗೆಯೇ ಉಳಿದಿತ್ತು. ನಾವು ಎಳೆಯುತ್ತಿದ್ದ ಹೊಸ ಗೆರೆ ಅದಕ್ಕಿಂತ ಎರಡು ಮೀಟರ್ ಆಚೆಗೆ ಹೋಗುತ್ತಿತ್ತು. ನಾನು ಸುಣ್ಣದ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದುತ್ತಿದ್ದವಳು, ಲೆಕ್ಕ ತಾನಾಗಿಯೇ ಬಂತು. ತ್ರಿಜ್ಯ ಎರಡು ಮೀಟರ್ ಕಡಿಮೆಯಾದರೆ ಒಂದು ತಿರುವು ಇಪ್ಪತ್ತೆರಡನ್ನು ಏಳರಿಂದ ಭಾಗಿಸಿದ್ದರ ಎರಡು ಪಟ್ಟು, ಅಂದರೆ ಆರು ಮೀಟರ್ ಚಿಲ್ಲರೆ, ಕಡಿಮೆಯಾಗುತ್ತದೆ. ಸಾವಿರದ ಐನೂರು ಮೀಟರಿನಲ್ಲಿ ಏಳು ತಿರುವು. ಏಳಕ್ಕೆ ಏಳು ಹೊಡೆದುಹೋಗಿ ನಲವತ್ತನಾಲ್ಕು ಮೀಟರ್ ಉಳಿಯಿತು. ಅಷ್ಟು ದೂರವನ್ನು ನಾನು ಓಡಿಯೇ ಇರಲಿಲ್ಲ. ಅದು ನನ್ನ ಓಟದಲ್ಲಿ ಒಂಬತ್ತು ಸೆಕೆಂಡು.

ನಾನು ಸರ್ ಬಳಿ ಹೋಗಿ ಎಲ್ಲ ಹೇಳಿದೆ. ಮಳೆಯದ್ದೂ ಹೇಳಿದೆ, ಇಬ್ಬನಿಯದ್ದೂ ಹೇಳಿದೆ. ಸರ್ ಬಂದು ಆ ಬೋಳು ಗೀಟನ್ನು ನೋಡಿದರು. ಪಾದದಿಂದ ಅಳೆದರು. ಆಮೇಲೆ ಬೂಟಿನ ತುದಿಯಿಂದ ಅದರ ಮೇಲೆ ಮಣ್ಣು ಎಳೆದರು.

"ಇನ್ನು ಎಂತ ಮಾಡುದು ಮಾರಾಯ್ತಿ," ಎಂದರು. "ಗೆಸ್ಟು ಮೈಕಿನಲ್ಲಿ ಹೇಳಿ ಆಗಿದೆ. ಪೇಂಟೂ ಆಗಿದೆ. ಈಗ ತೆಗೆದ್ರೆ ಕಾಲೇಜಿಗೆ ನಾಚಿಕೆ, ನಿನಗೂ ನಾಚಿಕೆ. ಯಾರಿಗಾದ್ರೂ ನಷ್ಟ ಉಂಟಾ ಇದರಲ್ಲಿ? ಇಲ್ಲ. ಸುಮ್ಮನೆ ಇದ್ದುಬಿಡು."

ನಮ್ಮ ಊರಿನ ದಾಕ್ಷಿಣ್ಯ ಎಂದರೆ ಇದೇ. ಮದುವೆ ಊಟದ ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಲಾಯ್ಕ ಆಗಿದೆ ಎನ್ನುತ್ತೇವೆ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರೇ ಪರವಾಗಿಲ್ಲ ಎಂದು ಮೊದಲು ಹೇಳುತ್ತೇವೆ. ಯಾರ ಮುಖವೂ ಸಣ್ಣದಾಗಬಾರದು. ಒಬ್ಬರ ಮುಖ ಉಳಿಸಲು ನಾಲ್ವರು ಸೇರಿ ಸುಳ್ಳು ಹೇಳುವುದನ್ನು ನಾವು ಸಂಸ್ಕಾರ ಎಂದು ಕರೆಯುತ್ತೇವೆ. ನನಗೆ ಇದನ್ನು ನೆನೆದರೆ ಮೈ ಉರಿಯುತ್ತದೆ. ಹೀಗೆಲ್ಲ ಬಯ್ಯುವ ನಾನು ಆ ದಿನ ಮಾಡಿದ್ದೇನು? ತಲೆ ಆಡಿಸಿ ಸುಣ್ಣದ ಡಬ್ಬಿ ಎತ್ತಿಕೊಂಡೆ. ಸರ್ ಮೇಲಿನ ಗೌರವದಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹಾಗೇನಿಲ್ಲ. ಆ ಹಲಗೆಯಲ್ಲಿ ನನ್ನ ಹೆಸರು ನನಗೆ ಬೇಕಿತ್ತು.

ಅದಕ್ಕೆ ಸರಿಯಾದ ಶಿಕ್ಷೆಯೂ ಆಯಿತು. ಆ ವರ್ಷ ನಾನು ನನ್ನದೇ ಸುಳ್ಳು ದಾಖಲೆಯ ಬೆನ್ನು ಹತ್ತಬೇಕಾಯಿತು. ಐದು ನಿಮಿಷ ಆರು ಸೆಕೆಂಡು. ಪ್ರೇಮಾಳಿಗೆ ಅಹಂಕಾರ ಬಂದಿದೆ ಎಂದರು ಕೆಲವರು. ಹಾಸ್ಟೆಲಿನ ಊಟ ಮೈಗೆ ಹತ್ತಿದೆ ಎಂದರು ಇನ್ನು ಕೆಲವರು. ಸುಳ್ಯದಲ್ಲಿ ನಡೆದ ಅಂತರ ಕಾಲೇಜು ಕೂಟಕ್ಕೆ ನಾನು ನಾಲ್ಕು ಐವತ್ತಾರರ ಓಟಗಾರ್ತಿಯೆಂಬ ಕೀರ್ತಿ ಹೊತ್ತು ಹೋದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಐದನೆಯವಳಾಗಿ ಬಂದೆ. "ಅವಳಿಗೆ ಸುಳ್ಯದ ನೀರು ಆಗುದಿಲ್ಲ," ಎಂದು ಸರ್ ಎಲ್ಲರಿಗೂ ಸಮಾಧಾನ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಮೂವರು ನಿಂಬೆಹುಳಿ ಶರಬತ್ತು ತಂದುಕೊಟ್ಟರು. ನಾನು ಮೂರನ್ನೂ ಕುಡಿದೆ.

ಇದೆಲ್ಲ ಅಲ್ಲಿಗೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ದಾಖಲೆ ಮುರಿಯಲಿಲ್ಲ, ವರ್ಷ ವರ್ಷಕ್ಕೆ ಅದು ದೊಡ್ಡದಾಯಿತು. ಹತ್ತು ವರ್ಷ ಆಗುವಾಗ ನನ್ನನ್ನು ಕ್ರೀಡಾಕೂಟಕ್ಕೆ ಕರೆದು ಶಾಲು ಹೊದೆಸಿದರು. ಆಮೇಲೆ ಅದೊಂದು ಸಂಪ್ರದಾಯವೇ ಆಯಿತು. ಪ್ರತಿವರ್ಷ ನಾನು ಹೋಗಿ ಸಾವಿರದ ಐನೂರಕ್ಕೆ ಬಾವುಟ ಬೀಸಬೇಕು. ನಮ್ಮ ಮನೆಯಲ್ಲಿ ಹದಿನೇಳು ಶಾಲು ಇವೆ. ಒಂದನ್ನೂ ನಾನು ಯಾರಿಗೂ ಕೊಡಲಿಲ್ಲ, ಹೊದೆಯಲೂ ಇಲ್ಲ.

ಚೈತ್ರಾ ಬಂದದ್ದು ಆಮೇಲೆ. ಕೊಯಿಲದ ಹುಡುಗಿ, ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಅಲ್ಲಿನ ಸರಕಾರಿ ಜಾನುವಾರು ಫಾರ್ಮಿನ ಹುಲ್ಲುಗುಡ್ಡಗಳ ಬದಿಯ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಓಡುತ್ತಿದ್ದಳು. ಓಡುವಾಗ ಅವಳ ಹೆಜ್ಜೆಯ ಸದ್ದೇ ಕೇಳುತ್ತಿರಲಿಲ್ಲ. ಅಂಥ ಇನ್ನೊಬ್ಬಳನ್ನು ನಾನು ನೋಡಿಲ್ಲ. ಪಿಯುಸಿ ಮುಗಿದ ಮೇಲೆ ಮನೆಗೆ ಬಂದು, "ನಿಮ್ಮ ಕಾಲೇಜಿಗೇ ಸೇರುದು ಟೀಚರ್. ನಿಮ್ಮ ರೆಕಾರ್ಡು ತೆಗೀಬೇಕು ನನಗೆ," ಎಂದಳು. ನಾನು ಅವಳಿಗೆ ಅವಲಕ್ಕಿ ಕೊಟ್ಟು, ತಲೆ ಸವರಿ ಕಳಿಸಿದೆ. ಆಗ ಹೇಳಬಹುದಿತ್ತು.

ಮೊದಲ ವರ್ಷ ಅವಳು ಐದು ನಿಮಿಷ ಒಂದು ಸೆಕೆಂಡಿನಲ್ಲಿ ಓಡಿ ಗೆದ್ದಳು. ಎರಡನೆಯವಳು ಅರ್ಧ ತಿರುವು ಹಿಂದೆ ಇದ್ದಳು. ಆದರೂ ಚೈತ್ರಾ ಅಳುತ್ತ ಬಂದು, "ಐದು ಸೆಕೆಂಡು ಟೀಚರ್, ಬರೇ ಐದು ಸೆಕೆಂಡು," ಎಂದಳು. ಎರಡನೆಯ ವರ್ಷ ನಾಲ್ಕು ಐವತ್ತೊಂಬತ್ತು. ಮತ್ತೆ ಅತ್ತಳು. ಎರಡೂ ಸಲ ನನ್ನ ಕೊರಳಲ್ಲಿ ಶಾಲಿತ್ತು. ಎರಡೂ ಸಲ ಮುಂದಿನ ವರ್ಷ ಆಗುತ್ತದೆ ಮಗಳೇ ಎಂದು ನಾನು ಹೇಳಿದೆ.

ಈ ಸಲ ಕ್ರೀಡಾಕೂಟಕ್ಕೆ ಒಂದು ವಾರ ಇರುವಾಗ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಬಸ್ಸಿನ ಮೆಟ್ಟಿಲು ಇಳಿಯುವಾಗ ಎಡಗಾಲನ್ನು ಮೊದಲು ಊರದೆ, ಕಂಬ ಹಿಡಿದು ಬಲಗಾಲಲ್ಲಿ ಹಾರಿದಳು.

"ಕಾಲಿಗೆ ಎಂತಾಯ್ತು?" ಎಂದೆ.

"ಎಂತ ಇಲ್ಲ ಟೀಚರ್. ಮೊಣಕಾಲಿನ ಕೆಳಗೆ ಎಲುಬಿನಲ್ಲಿ ಸಣ್ಣ ಬಿರುಕು ಉಂಟಂತೆ. ದಿನಕ್ಕೆ ಎರಡು ಸಲ ಡಾಮರಿನಲ್ಲಿ ಓಡಿದ್ದಕ್ಕೆ. ಡಾಕ್ಟ್ರು ಎರಡು ತಿಂಗಳು ಓಡ್ಬೇಡ ಅಂದ್ರು. ಕಾಲೇಜಲ್ಲಿ ಹೇಳ್ಬೇಡಿ ಆಯ್ತಾ. ಮೂರು ಸೆಕೆಂಡು ಅಲ್ವಾ ಬಾಕಿ ಇರುದು. ಇದು ಲಾಸ್ಟ್ ಇಯರ್. ತೆಗೆದು ಆಮೇಲೆ ಮಲಗ್ತೇನೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಜಾಗ್ರತೆ ಎಂದು ಹೇಳಿ ಹತ್ತಿ ಕುಳಿತೆ. ಪುತ್ತೂರಿನವರೆಗೂ ನನ್ನನ್ನು ನಾನು ಬಯ್ದುಕೊಂಡೆ. ಮನೆಗೆ ಬಂದವಳೇ ಶಾಂತಾರಾಮ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು, ದನಿ ನಡುಗುತ್ತಿತ್ತು. "ಅಷ್ಟು ಹಳೇದನ್ನು ಈಗ ಎಂತಕ್ಕೆ ಎತ್ತುದು ಪ್ರೇಮಾ? ಈ ಸಲ ನನಗೂ ಸನ್ಮಾನ ಇಟ್ಟಿದ್ದಾರೆ," ಎಂದರು. ಜೀವನದಲ್ಲಿ ಮೊದಲ ಸಲ ನಾನು ಸರ್ ಮಾತಾಡುತ್ತಿರುವಾಗಲೇ ಫೋನ್ ಇಟ್ಟೆ.

ಕ್ರೀಡಾಕೂಟದ ಉದ್ಘಾಟನೆಯಲ್ಲಿ, ಓಟಗಳಿಗೆ ಮೊದಲು, ನನಗೆ ಐದು ನಿಮಿಷ ಮಾತಾಡಲು ಕೊಟ್ಟರು. ನಾನು ಎಲ್ಲ ಹೇಳಿದೆ. ಹಗ್ಗ ಹೊರಗೆ ಬಿಟ್ಟವಳು ನಾನು, ಅದು ಇಬ್ಬನಿ ಎಂದವಳು ನಾನು, ಟ್ರ್ಯಾಕ್ ಗಿಡ್ಡವಾಗಿತ್ತು, ನನ್ನ ದಾಖಲೆ ಸುಳ್ಳು, ದಯವಿಟ್ಟು ಯಾರೂ ಅದರ ಹಿಂದೆ ಓಡಬೇಡಿ ಎಂದೆ. ಚಪ್ಪಾಳೆ ಶುರುವಾಯಿತು. ನಿರೂಪಣೆ ಮಾಡುತ್ತಿದ್ದ ಉಪನ್ಯಾಸಕರು ಮೈಕ್ ತೆಗೆದುಕೊಂಡು, "ಎಂಥ ದೊಡ್ಡ ಮನಸ್ಸು ನೋಡಿ. ಹೊಸಬರಿಗೆ ಧೈರ್ಯ ತುಂಬಲು ತಮ್ಮ ದಾಖಲೆಯನ್ನೇ ಸುಳ್ಳು ಅನ್ನುವ ವಿನಯ," ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ನಾನು ಮೈಕಿಗೆ ಕೈ ಚಾಚಿದೆ. ಅವರು ಅದನ್ನು ಶಾಲು ಹೊದೆಸುವವರ ಕೈಗೆ ಕೊಟ್ಟರು. ಪಕ್ಕದಲ್ಲಿ ಕುಳಿತ ಸರ್ ಮೆಲ್ಲಗೆ, "ನೋಡಿದಿಯಾ, ಯಾರಿಗೂ ಬೇಡ ಅದು," ಎಂದರು. ಸಿಟ್ಟಿನಲ್ಲಿ ನನಗೆ ಕಣ್ಣು ಕಾಣಿಸಲಿಲ್ಲ. ಹೇಳಿದ ಸತ್ಯವನ್ನೂ ಶಾಲು ಸುತ್ತಿ ವಾಪಸು ಕೊಡುವ ಜನ ನಾವು.

ವೇದಿಕೆ ಇಳಿದು ಚೈತ್ರಾಳನ್ನು ಹುಡುಕಿದೆ. ಅವಳು ಗೆರೆಯ ಬಳಿ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು.

"ಓಡಬೇಡ ಚೈತ್ರಾ," ಎಂದೆ.

ಅವಳು ತಲೆ ಎತ್ತಲಿಲ್ಲ. "ನನ್ನ ಕಾಲು ನೋಡಿ ಪಾಪ ಕಂಡು ಹಾಗೆ ಹೇಳಿದ್ದು ಅಲ್ವಾ ಟೀಚರ್? ನನಗೆ ಪಾಪದ ರೆಕಾರ್ಡು ಬೇಡ."

ಬಾವುಟ ಬೀಸುವುದಿಲ್ಲ ಎಂದೆ. ಬೇರೆ ಯಾರೋ ಬೀಸಿದರು. ಎರಡು ಸುತ್ತು ಮುಗಿಯುವವರೆಗೆ ಅವಳೇ ಎಲ್ಲರಿಗಿಂತ ಮುಂದೆ ಇದ್ದಳು. ಐದನೆಯ ತಿರುವಿನಲ್ಲಿ, ದರೆಯ ಬದಿಯಲ್ಲಿ, ಎಡಗಾಲು ಮಡಚಿ ಬಿದ್ದಳು. ಆ ಸದ್ದು ವೇದಿಕೆಯವರೆಗೂ ಕೇಳಿತು ಎಂದು ಆಮೇಲೆ ಕೆಲವರು ಹೇಳಿದರು. ನನಗೆ ಈಗಲೂ ಕೇಳುತ್ತದೆ.

ಆಂಬುಲೆನ್ಸ್ ಬರುವವರೆಗೆ ಅವಳನ್ನು ಕಾರಿಡಾರಿನಲ್ಲಿ, ಆ ಹಲಗೆಯ ಕೆಳಗಿನ ಬೆಂಚಿನಲ್ಲಿ ಮಲಗಿಸಿದರು. ಕಾಲಿಗೆ ಎರಡು ಸ್ಕೇಲು ಇಟ್ಟು ಬಟ್ಟೆ ಕಟ್ಟಿದ್ದರು. ನಾನು ಅವಳ ತಲೆಯ ಬಳಿ ಕುಳಿತು, ನೂಲಿನ ಹಗ್ಗದ ಲೆಕ್ಕವನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಈ ಸಲ ಅವಳು ಕೇಳಿಸಿಕೊಂಡಳು. "ಏಳು ತಿರುವು, ಒಂದೊಂದಕ್ಕೆ ಆರು ಚಿಲ್ಲರೆ," ಎಂದು ಬಾಯಲ್ಲೇ ಗುಣಿಸಿ, "ನಲವತ್ತನಾಲ್ಕು," ಎಂದಳು. ನಾನು ಕಲಿಸಿದ ಲೆಕ್ಕ, ತಪ್ಪಲಿಲ್ಲ. ಬಯ್ಯಲಿ ಎಂದು ನಾನು ಕಾಯುತ್ತಿದ್ದೆ.

"ಹಾಗಾದ್ರೆ ನಾನು ತೆಗೀಬೇಕಾಗಿದ್ದದ್ದು ಯಾರ ರೆಕಾರ್ಡು ಟೀಚರ್?" ಎಂದಳು. "ನಿಮಗಿಂತ ಮೊದಲು ಅಲ್ಲಿ ಯಾರದ್ದಿತ್ತು?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ನನ್ನ ಸುಳ್ಳಿನ ಬಗ್ಗೆ ಯೋಚಿಸಿದ್ದೆ, ಸರ್ ಬಗ್ಗೆ ಯೋಚಿಸಿದ್ದೆ, ಊರಿನ ದಾಕ್ಷಿಣ್ಯವನ್ನು ಬಯ್ದಿದ್ದೆ. ಪೇಂಟರ್ ನನ್ನ ಹೆಸರು ಬರೆಯುವ ಮೊದಲು ಇನ್ನೊಬ್ಬಳ ಹೆಸರಿನ ಮೇಲೆ ಕಪ್ಪು ಬಳಿದಿದ್ದ ಎಂಬುದು ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಯಾರಿಗಾದರೂ ನಷ್ಟ ಉಂಟಾ ಎಂದು ಸರ್ ಕೇಳಿದಾಗಲೂ ಬಂದಿರಲಿಲ್ಲ.

ಜವಾನನ ಸ್ಟೂಲು ಎಳೆದುಕೊಂಡು, ಸೀರೆ ಎತ್ತಿ ಕಟ್ಟಿ ಹತ್ತಿದೆ. ಮನೆಯ ಬೀಗದ ಕೈಯಿಂದ ನನ್ನ ಹೆಸರನ್ನೂ ಅದರ ಪಕ್ಕದ ಸಮಯವನ್ನೂ ಕೆರೆಯತೊಡಗಿದೆ. ಯಾರೋ ಮೇಡಂ, ಮೇಡಂ ಎಂದು ಓಡಿ ಬಂದರು. ನಾನು ಹಿಂದೆ ತಿರುಗಲಿಲ್ಲ. ಬಿಳಿ ಹೋಯಿತು, ಅದರಡಿಯ ಕಪ್ಪು ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಹೆಸರಿನಲ್ಲಿ ಕೊನೆಯ ಎರಡು ಅಕ್ಷರ ಮಾತ್ರ ಸಿಕ್ಕಿತು, 'ವತಿ' ಎಂದು. ಲೀಲಾವತಿಯೋ, ಪದ್ಮಾವತಿಯೋ, ನನಗೆ ತಿಳಿಯಲಿಲ್ಲ. ಸಮಯ ಮಾತ್ರ ಪೂರ್ತಿ ಕಂಡಿತು. ಐದು ನಿಮಿಷ ಮೂರು ಸೆಕೆಂಡು.

ನಾನು ಅದನ್ನು ಗಟ್ಟಿಯಾಗಿ ಓದಿದೆ. ಚೈತ್ರಾ ಬೆಂಚಿನಲ್ಲಿ ಮಲಗಿದ್ದಲ್ಲಿಂದಲೇ ಹಲಗೆಯನ್ನು ನೋಡುತ್ತಿದ್ದಳು.

"ಫಸ್ಟ್ ಇಯರಲ್ಲಿ ನನ್ನದು ಐದು ಒಂದು, ಟೀಚರ್," ಎಂದಳು.

ಆ ವರ್ಷ ಅವಳ ಎರಡು ಕಾಲೂ ಸರಿ ಇದ್ದವು.